ಮಿತಿಯೊಳಗಿನ ನೆಮ್ಮದಿ

ಪ್ರತಿ ವರ್ಷ ಜನವರಿ ಮುಗಿಯುತ್ತಿದ್ದಂತೆ ನನ್ನ ಕಚೇರಿಗೆ ಒಂದೇ ಬಗೆಯ ದೂರವಾಣಿ ಕರೆಗಳು ಬರತೊಡಗುತ್ತವೆ. “ವಹಿವಾಟು ಎಲ್ಲಿಗೆ ಬಂತು? ಒಂದೂವರೆ ಕೋಟಿ ದಾಟುವುದಿಲ್ಲ ತಾನೆ?” ದಾಟುವ ಲಕ್ಷಣ ಕಂಡರೆ ಮಾರ್ಚ್ ತಿಂಗಳ ಬೇಡಿಕೆಯನ್ನು ಏಪ್ರಿಲ್‌ಗೆ ತಳ್ಳುವರು, ಇಲ್ಲವೇ ಕೈಬಿಡುವರು. ದುಡಿಯಬಲ್ಲವನು ತನ್ನ ದುಡಿಮೆಗೆ ತಾನೇ ಬೇಲಿ ಹಾಕಿಕೊಳ್ಳುವುದೆಂದರೆ ಇದೇ.

ಜಿಎಸ್‌ಟಿಯಲ್ಲಿ ನಾವು ಕಾಂಪೊಸಿಷನ್ ಎನ್ನುವ ರಾಜಿ ತೆರಿಗೆ ಪದ್ಧತಿಯ ಮಿತಿಯನ್ನು 2019ರ ಏಪ್ರಿಲ್ 1ರಿಂದ ನಮ್ಮ ರಾಜ್ಯವೂ ಸೇರಿದಂತೆ ಬಹುತೇಕ ರಾಜ್ಯಗಳಲ್ಲಿ 1.5 ಕೋಟಿ ರೂಪಾಯಿಗೆ ಏರಿಸಲಾಯಿತು. ವರ್ತಕರಿಗೂ ತಯಾರಕರಿಗೂ ಶೇಕಡಾ 1ರ ತೆರಿಗೆ, ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ವಿವರಪಟ್ಟಿ. ಆದರೆ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯ ಜಮೆ ದೊರೆಯದು, ನಮ್ಮಿಂದ ಕೊಂಡವರಿಗೂ ಅದು ಸಿಗದು. ಊರಿನ ಗೃಹಸ್ಥರಿಗಷ್ಟೇ ಮಾರುವ ಕಿರಾಣಿ ಅಂಗಡಿಗೆ ಈ ಪದ್ಧತಿ ಸರಿಯಾಗಿಯೇ ಇದೆ. ಅವರು ಅದನ್ನು ಬಿಡಬೇಕೆಂದು ನಾನು ಹೇಳಲಾರೆ.

ಆದರೆ ಬೆಳಗಾವಿ ಕಡೆಯ ನನ್ನ ಕಕ್ಷಿದಾರರೊಬ್ಬರ ಸ್ಥಿತಿ ಬೇರೆ. ಯಂತ್ರದ ಬಿಡಿಭಾಗ ತಯಾರಿಸುವ ಅವರು ಕೊಲ್ಹಾಪುರದಿಂದ ಬಂದ ಬೇಡಿಕೆಯನ್ನು ಎರಡು ಬಾರಿ ನಿರಾಕರಿಸಿದ್ದರು. ಹೇಳಿದ ಕಾರಣ ತೆರಿಗೆ. ನಿಜವಾದ ಕಾರಣ ಅಂಜಿಕೆ. ಮೂರನೆಯ ಬಾರಿ, ಯಾರೂ ಒತ್ತಾಯಿಸದೆ, ತಾವಾಗಿಯೇ ರಾಜಿ ಪದ್ಧತಿಯಿಂದ ಹೊರಬಂದರು. ಹೊರಬಂದ ದಿನದಿಂದ 30 ದಿನಗಳೊಳಗೆ ಐಟಿಸಿ-01 ನಮೂನೆ ಸಲ್ಲಿಸಿದರೆ ದಾಸ್ತಾನಿನಲ್ಲಿರುವ ಸರಕಿನ ಮೇಲೆ ಹಿಂದೆ ತೆತ್ತ ತೆರಿಗೆಯ ಜಮೆಯನ್ನು ಪಡೆಯಬಹುದು. ಖರೀದಿ ಬಿಲ್ಲು ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಇದನ್ನು ಅರಿಯದೆ ನಷ್ಟಪಟ್ಟವರು ಅನೇಕರು. ಜಮೆಯ ಮೊತ್ತ 2 ಲಕ್ಷ ರೂಪಾಯಿ ಮೀರಿದರೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು. ಇದನ್ನು ನಮ್ಮ ಶುಲ್ಕದ ಆಸೆಯಿಂದ ಹೇಳುತ್ತಿಲ್ಲ!

ಮೊದಲ ಆರು ತಿಂಗಳು ಅವರಿಗೆ ಕಷ್ಟವೇ ಆಯಿತು. ಜಿಎಸ್‌ಟಿಆರ್-1ರಲ್ಲಿ ಕೊಲ್ಹಾಪುರದವರ ನೋಂದಣಿ ಸಂಖ್ಯೆ ತಪ್ಪಾಗಿ ನಮೂದಾಗಿ, ಅವರ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ಲು ಕಾಣಿಸಲಿಲ್ಲ, ಹಣ ನಿಂತಿತು. ಅಂದಿನಿಂದ ವಿವರಪಟ್ಟಿ ತುಂಬುವಾಗ ಯಜಮಾನರೇ ಗಣಕಯಂತ್ರದ ಮುಂದೆ ಕೂರತೊಡಗಿದರು. ಕೊಲ್ಹಾಪುರದವರು ದರದಲ್ಲಿ ಚೌಕಾಸಿ ಮಾಡಿದಾಗ, ಒಂದೊಂದು ಬಿಡಿಭಾಗಕ್ಕೆ ತಗಲುವ ವಿದ್ಯುತ್ತು, ಕೂಲಿ, ಕಚ್ಚಾಮಾಲಿನ ಪೋಲು ಇವನ್ನೆಲ್ಲ ಬರೆದು ನೋಡಬೇಕಾಯಿತು. ಇಪ್ಪತ್ತು ವರ್ಷ ಕಾರ್ಖಾನೆ ನಡೆಸಿದವರಿಗೆ ತಮ್ಮ ಒಂದು ಸರಕು ನಷ್ಟದಲ್ಲಿ ಮಾರಾಟವಾಗುತ್ತಿತ್ತೆಂದು ತಿಳಿದದ್ದು ಆಗಲೇ.

ಈ ಮಾತನ್ನು ಹೇಳಲು ನನಗೂ ಸ್ವಲ್ಪ ಸಂಕೋಚವಿದೆ. 2005ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ವ್ಯಾಟ್ ಜಾರಿಗೆ ಬಂದಾಗ ಗಣಕಯಂತ್ರದ ಕೆಲಸವನ್ನೆಲ್ಲ ಸಹಾಯಕನಿಗೆ ಒಪ್ಪಿಸಿ ನಿಶ್ಚಿಂತನಾಗಿದ್ದೆ. ಅವನು ಕೆಲಸ ಬಿಟ್ಟ ತಿಂಗಳು ನನ್ನ ಕಚೇರಿಯಲ್ಲಿ ನಾನೇ ಪರಕೀಯ. ಬಲವಂತದಿಂದ ಕಲಿತೆ, ಬಯಸಿ ಕಲಿತಿದ್ದರೆ ಅಷ್ಟು ದಂಡ ತೆರಬೇಕಾಗುತ್ತಿರಲಿಲ್ಲ.

ಸವಾಲೆಂದೊಡನೆ ಸಾಲ ಮಾಡಿ ಹೊಸ ಶೆಡ್ಡು ಕಟ್ಟಬೇಕೆಂದಲ್ಲ. ಪೂರ್ತಿ ಕೈಕೊಟ್ಟರೂ ಮೂಲ ವ್ಯಾಪಾರದ ಒಂದೆರಡು ತಿಂಗಳ ಲಾಭದಲ್ಲಿ ಭರಿಸಬಹುದಾದಷ್ಟು ದೊಡ್ಡ ಬೇಡಿಕೆಯನ್ನೇ ಮೊದಲು ಒಪ್ಪಿಕೊಳ್ಳುವುದು ಕ್ಷೇಮ. ನನ್ನ ಕಕ್ಷಿದಾರರ ಮೊದಲ ರವಾನೆ ಕೇವಲ ನಾಲ್ಕು ಪೆಟ್ಟಿಗೆ. ಜನವರಿಯ ಕರೆಯನ್ನು ಅವರು ಈಗಲೂ ಮಾಡುತ್ತಾರೆ, ಆದರೆ ಕೇಳುವ ಪ್ರಶ್ನೆ ಬೇರೆಯಾಗಿದೆ.