ಅಟ್ಟದಲ್ಲಿ ಸಿಕ್ಕ ಕಬ್ಬೆಕ್ಕಿನ ಮರಿಯನ್ನು ಮನೆಯಲ್ಲೇ ಸಾಕಬಹುದೇ?

ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟ ಏರುವ ಮೊದಲು ಕತಗಾಲ ಸಿಗುತ್ತದೆ. ಒಂದೆಡೆ ಚಂಡಿಕಾ ಹೊಳೆ, ಇನ್ನೊಂದೆಡೆ ಅಡಿಕೆ ತೋಟ, ಅದರಾಚೆ ಕಾಡು. ಇಂಥ ಊರುಗಳ ಹಂಚಿನ ಮನೆಗಳಲ್ಲಿ ಅಟ್ಟ ಹತ್ತಿದವರಿಗೆ ಕೆಲವೊಮ್ಮೆ ಮೂಲೆಯಲ್ಲಿ ಮುದುರಿ ಮಲಗಿದ ಎರಡು ಮೂರು ಮರಿಗಳು ಕಾಣುತ್ತವೆ. ನೋಡಲು ಬೆಕ್ಕಿನ ಮರಿಯಂತೆಯೇ ಇರುತ್ತವೆ, ಮೂತಿ ಮಾತ್ರ ಸ್ವಲ್ಪ ಉದ್ದ. ಅವು ಕಬ್ಬೆಕ್ಕಿನ ಮರಿಗಳು. ‘ಪಾಪ, ತಾಯಿ ಬಿಟ್ಟುಹೋಗಿದೆ’ ಎಂದು ಕೆಳಗಿಳಿಸಿ ಹಾಲು ಕುಡಿಸುವವರೇ ಹೆಚ್ಚು. ಅವರ ಕರುಣೆ ದೊಡ್ಡದು. ಆದರೆ ಮರಿಯ ಪ್ರಾಣಕ್ಕೆ ಅಪಾಯ ಶುರುವಾಗುವುದೂ ಅಲ್ಲಿಂದಲೇ.

ಫೆರೆಟ್ ಬೇರೆ, ಕಬ್ಬೆಕ್ಕು ಬೇರೆ

ವಿದೇಶಗಳಲ್ಲಿ ಕಾಯಿಲೆ ಬಿದ್ದ, ಕಾಲು ಕಳೆದುಕೊಂಡ, ಮಾಲೀಕರು ಬಿಟ್ಟುಹೋದ ಫೆರೆಟ್‌ಗಳನ್ನು ತಂದು ಆರೈಕೆ ಮಾಡುವ ವಿಡಿಯೋಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡುತ್ತೇವೆ. ಹಾಗೆಯೇ ಕಬ್ಬೆಕ್ಕನ್ನೂ ಸಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಫೆರೆಟ್ ನಮ್ಮ ನೀರುನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಮೊಲ ಹಿಡಿಯಲೆಂದು ಯುರೋಪಿನ ಜನ ಅದನ್ನು 2000 ವರ್ಷಗಳಿಗೂ ಹಿಂದಿನಿಂದ ಸಾಕುತ್ತ ಬಂದಿದ್ದಾರೆ. ನಾಯಿಯಂತೆ ಅದೂ ಈಗ ಸಾಕುಪ್ರಾಣಿ. ಅದನ್ನು ಕಾಡಿಗೆ ಬಿಟ್ಟರೆ ಬದುಕುವುದು ಕಷ್ಟ. ಹಾಗಾಗಿ ಅದನ್ನು ಉಳಿಸುವುದೆಂದರೆ ಅದಕ್ಕೆ ಇನ್ನೊಂದು ಮನೆ ಹುಡುಕುವುದು.

ಕಬ್ಬೆಕ್ಕಿನ ಕಥೆ ಇದಕ್ಕೆ ತದ್ವಿರುದ್ಧ. ನಮ್ಮ ಅಟ್ಟದಲ್ಲಿ ಮಲಗಿದರೂ ಅದು ಕಾಡುಪ್ರಾಣಿಯೇ. ರಾತ್ರಿ ಒಂಟಿಯಾಗಿ ತಿರುಗುತ್ತದೆ. ಬೈನೆ ಹಣ್ಣು, ಆಲದ ಹಣ್ಣು, ಇಲಿ, ಹುಳ ಎಲ್ಲವನ್ನೂ ತಿನ್ನುತ್ತದೆ. ನುಂಗಿದ ಬೀಜವನ್ನು ಹಿಕ್ಕೆಯ ಜೊತೆ ದೂರದಲ್ಲಿ ಹಾಕಿ ಮರ ಹುಟ್ಟಿಸುತ್ತದೆ. ಇದನ್ನು ಉಳಿಸುವುದೆಂದರೆ ತಾಯಿಗೆ ಒಪ್ಪಿಸುವುದು, ಆಗದಿದ್ದರೆ ಕಾಡಿಗೆ ಮರಳುವಂತೆ ಬೆಳೆಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಬ್ಬೆಕ್ಕನ್ನು ಮನೆಯಲ್ಲಿ ಸಾಕುವುದು ಅಪರಾಧ.

ಮೂರು ತಪ್ಪು ನಂಬಿಕೆಗಳು

ಮೊದಲನೆಯದು, ತಾಯಿ ಬಿಟ್ಟುಹೋಗಿದೆ ಎಂಬುದು. ತಾಯಿ ಆಹಾರಕ್ಕೆ ಹೋದಾಗ ಮರಿಗಳು ಒಂಟಿಯಾಗಿಯೇ ಇರುತ್ತವೆ. ಜನರ ಸದ್ದಿಗೆ ಹೆದರಿ ಅದು ಹತ್ತಿರದಲ್ಲೇ ಅಡಗಿರಲೂಬಹುದು.

ಎರಡನೆಯದು, ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು. ನಮ್ಮ ಕೈಯ ವಾಸನೆ ತಾಗಿದೆ ಎಂಬ ಒಂದೇ ಕಾರಣಕ್ಕೆ ತಾಯಿ ಮರಿಯನ್ನು ತೊರೆಯುವುದಿಲ್ಲ. ಹೆಚ್ಚಾಗಿ ಅದನ್ನು ದೂರ ಓಡಿಸುವುದು ಮರಿಯ ಸುತ್ತ ನಿಂತ ನಮ್ಮ ಗುಂಪು.

ಮೂರನೆಯದು, ಹಸುವಿನ ಹಾಲು ಎಲ್ಲ ಮರಿಗಳಿಗೂ ಒಳ್ಳೆಯದು ಎಂಬುದು. ಅದರಿಂದ ಮರಿಗೆ ಭೇದಿಯಾಗಿ ಮೈಯ ನೀರು ಆರಬಹುದು. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ. ಮೈ ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮರಿಗಳು ಬೆಚ್ಚಗಿದ್ದು ಗಾಯವಿಲ್ಲದಿದ್ದರೆ ಇದ್ದಲ್ಲೇ ಬಿಡಿ. ಕೆಳಗೆ ಬಿದ್ದಿದ್ದರೆ ದಪ್ಪ ಬಟ್ಟೆಯಿಂದ ಹಿಡಿದು, ತೆರೆದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಿಕ್ಕ ಜಾಗದ ಸಮೀಪವೇ ಎತ್ತರದಲ್ಲಿಡಿ. ನಾಯಿಯನ್ನು ಕಟ್ಟಿ, ದೀಪ ಆರಿಸಿ, ದೂರ ಸರಿಯಿರಿ. ತಾಯಿ ಬಂದರೆ ಕತ್ತಲಾದ ಮೇಲೆಯೇ. ಅದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆಡೆಗೆ ಒಯ್ಯುತ್ತದೆ.

ತಾಯಿ ಸತ್ತಿದ್ದರೆ, ಮರಿಗೆ ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ ಅಥವಾ ಮೈ ತಣ್ಣಗಿದ್ದರೆ ಕಾಯಬೇಡಿ. ಗಾಳಿಯಾಡುವ ಪೆಟ್ಟಿಗೆಯ ಒಂದು ಬದಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಏನನ್ನೂ ತಿನ್ನಿಸದೆ, ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ಕರೆ ಮಾಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ರೇಬಿಸ್ ಲಸಿಕೆಯ ಬಗ್ಗೆ ಅಂದೇ ವೈದ್ಯರನ್ನು ಕಾಣಿ.

ಆಮೇಲೆ ಅದರ ಗತಿ?

ಬನ್ನೇರುಘಟ್ಟದಂಥ ಕಡೆಗಳಲ್ಲಿರುವ ಪುನರ್ವಸತಿ ಕೇಂದ್ರಗಳಲ್ಲಿ ಇಂಥ ಮರಿಗಳ ಜೊತೆ ಆಟವಾಡುವುದಿಲ್ಲ, ಹೆಸರಿಟ್ಟು ಮುದ್ದು ಮಾಡುವುದಿಲ್ಲ. ಇದು ಕಠಿಣ ಅನಿಸಬಹುದು. ಆದರೆ ಮನುಷ್ಯರಿಗೆ ಹೆದರದ ಕಬ್ಬೆಕ್ಕು ನಾಳೆ ಯಾರದೋ ಅಂಗಳಕ್ಕೆ ಸಲುಗೆಯಿಂದ ಹೋಗಿ ನಾಯಿಗೋ ದೊಣ್ಣೆಗೋ ಸಿಗುತ್ತದೆ. ನಾಯಿ ಬೆಕ್ಕುಗಳಿಂದ ಡಿಸ್ಟೆಂಪರ್, ಪಾರ್ವೊದಂಥ ವೈರಸ್ ಅಂಟುವ ಭಯವೂ ಇದೆ. ಹತ್ತಲು, ಹಣ್ಣು ಹುಡುಕಲು, ಬೇಟೆ ಹಿಡಿಯಲು ಕಲಿತ ಮೇಲೆ ಕಾಡಿನೊಳಗಿನ ಗೂಡಿನಲ್ಲಿ ಕೆಲಕಾಲ ಇಟ್ಟು, ನಂತರ ಬಾಗಿಲು ತೆರೆದಿಡುತ್ತಾರೆ. ಅದು ತನ್ನಷ್ಟಕ್ಕೆ ಹೊರಟುಹೋಗುತ್ತದೆ. ಕಣ್ಣು ಕಳೆದುಕೊಂಡ, ಮರ ಹತ್ತಲಾಗದ ಪ್ರಾಣಿಗೆ ಮಾತ್ರ ಜೀವನಪೂರ್ತಿ ಆಶ್ರಯ ಬೇಕಾಗುತ್ತದೆ. ಅದನ್ನು ಕೊಡಬೇಕಾದದ್ದೂ ಅನುಮತಿ ಪಡೆದ ಕೇಂದ್ರವೇ ಹೊರತು ನಮ್ಮ ಮನೆಯಲ್ಲ.

ಅಟ್ಟದ ಮರಿ ದೊಡ್ಡದಾಗಿ ನಮ್ಮನ್ನು ಗುರುತಿಸಬೇಕು ಎಂದು ಮನಸ್ಸು ಬಯಸುತ್ತದೆ. ಅದು ನಮ್ಮನ್ನು ಕಂಡು ಓಡಿಹೋದರೆ ಬೇಸರ ಬೇಡ. ನಾವು ಮಾಡಿದ ಸಹಾಯ ಸರಿಯಾಗಿತ್ತು ಎಂಬುದಕ್ಕೆ ಅದೇ ಗುರುತು.