ಕಂಪ್ಯೂಟರು ಯಾರೊಡನೆ ಮಾತನಾಡುತ್ತಿದೆ?

ಬೈತಖೋಲದಿಂದ ರಾತ್ರಿ ಹೊರಡುವ ದೋಣಿಗೆ ದೂರದ ದೀಪಸ್ತಂಭವನ್ನು ಗುರುತಿಸಲು ಒಂದು ಉಪಾಯವುಂಟು: ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆಂದು ಎಣಿಸುವುದು. ನೆರೆಹೊರೆಯ ದೀಪಗಳ ಲಯ ಒಂದೇ ಆಗದಂತೆ ಇಟ್ಟಿರುತ್ತಾರೆ. ಮನೆಯ ಲಿನಕ್ಸ್ ಕಂಪ್ಯೂಟರಿನ ವಿಷಯದಲ್ಲಿಯೂ ಇದೇ ಎಣಿಕೆ ಕೆಲಸಕ್ಕೆ ಬರುತ್ತದೆ.

ಯಾರೂ ಮುಟ್ಟದಿರುವಾಗಲೂ ಜಾಲದ ದೀಪ ಆಗಾಗ ಮಿನುಗಿದರೆ ಮನೆಯವರು ಶಂಕಿಸುವುದು ಸಹಜ. ಮನೆಯ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರೊಳಗೇ ಇರುವಾಗ, ಅದು ಯಾರೊಡನೆ ಮಾತನಾಡುತ್ತಿದೆ ಎಂಬ ಪ್ರಶ್ನೆ ಸಣ್ಣದೇನೂ ಅಲ್ಲ.

ಮೊದಲು ಕಾಲವನ್ನು ಅಳೆಯಬೇಕು. 'ಟಿಸಿಪಿಡಂಪ್' ಎಂಬ ಸಲಕರಣೆಯನ್ನು ಒಂದು ರಾತ್ರಿ ನಡೆಯಬಿಟ್ಟರೆ, ಪ್ರತಿಯೊಂದು ಪ್ಯಾಕೆಟ್ಟಿನ ವೇಳೆಯನ್ನೂ ಅದು ಹೊರಟ ಮತ್ತು ಸೇರುವ ವಿಳಾಸಗಳನ್ನೂ ಬರೆದಿಡುತ್ತದೆ. ಹೊರಟ ವಿಳಾಸ ನಮ್ಮ ಯಂತ್ರದ್ದಲ್ಲವಾದರೆ, ಕೂಗಿದ್ದು ಮನೆಯ ರೂಟರೋ ಬೇರೊಂದು ಉಪಕರಣವೋ ಆಗಿರಬೇಕು. ನಮ್ಮದೇ ಆದರೆ ಅಂತರವನ್ನು ಗಮನಿಸಿರಿ. 300 ಸೆಕೆಂಡಿಗೊಮ್ಮೆ ಆದರೆ, ಅದು ಬಹುಶಃ ಅಂತರಜಾಲ ಇದೆಯೋ ಇಲ್ಲವೋ ಎಂದು ನೆಟ್‌ವರ್ಕ್‌ಮ್ಯಾನೇಜರ್ ನಡೆಸುವ ಪರೀಕ್ಷೆ. 64, 128, 256 ಎಂದು ಇಮ್ಮಡಿಯಾಗುತ್ತ 1024 ಸೆಕೆಂಡಿನವರೆಗೆ ಬೆಳೆದರೆ, ಗಡಿಯಾರವನ್ನು ಸರಿಪಡಿಸಿಕೊಳ್ಳುವ ಎನ್‌ಟಿಪಿ.

ಆದರೆ ಲಯವೊಂದೇ ಸಾಕ್ಷಿಯಾಗದು. ಕಳ್ಳನೂ ಅದೇ ಲಯವನ್ನು ಹಿಡಿಯಬಲ್ಲ. ಆದ್ದರಿಂದ ಹೆಸರನ್ನೂ ನೋಡಬೇಕು. ಸಂಪರ್ಕಕ್ಕೆ ಮುಂಚೆ ಸಾಮಾನ್ಯವಾಗಿ ಕೇಳುವ ಡಿಎನ್‌ಎಸ್ ಪ್ರಶ್ನೆಯಲ್ಲಿ ಆಚೆಯವರ ಹೆಸರು ಸಿಗುತ್ತದೆ.

ಈಚೆಯವನಾರು? 'ಎಸ್‌ಎಸ್' ಎಂಬ ಆಜ್ಞೆ ಸಂಪರ್ಕವನ್ನು ಹಿಡಿದಿರುವ ಪ್ರೋಗ್ರಾಮನ್ನು ತೋರಿಸುತ್ತದೆ. ಕ್ಷಣದಲ್ಲಿ ಮುಗಿಯುವ ಮಾತು ಅದಕ್ಕೆ ಸಿಗದೆ ಹೋಗಬಹುದು. ಆಗ ಕ್ರಾನ್ ಮತ್ತು ಸಿಸ್ಟಂಡಿ ಟೈಮರುಗಳ ಪಟ್ಟಿಯನ್ನು ತೆಗೆದು, ಸಂಶಯವಿದ್ದ ಒಂದನ್ನು ಮಾತ್ರ ನಿಲ್ಲಿಸಿ, ಒಂದು ಪೂರ್ಣ ಅವಧಿ ಕಾಯಿರಿ. ಎರಡನ್ನು ಒಟ್ಟಿಗೆ ನಿಲ್ಲಿಸಿದರೆ ಕಾರಣ ಯಾವುದೆಂದು ತಿಳಿಯದು.

ಇಷ್ಟು ಸಣ್ಣದಕ್ಕೆ ಇಷ್ಟು ಶ್ರಮವೇಕೆ ಎನ್ನಬಹುದು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದರ ಬೆನ್ನುಹತ್ತಿ, ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲನ್ನು ಬಯಲಿಗೆ ತಂದರು.

ಹೆಚ್ಚಿನ ಮಿನುಗುಗಳು ನಿರಪಾಯವಾದವು. ಎಷ್ಟು ಹುಡುಕಿದರೂ ಒಡೆಯನು ಸಿಗದ ಮಿನುಗು ಕಂಡರೆ ಮಾತ್ರ ಮೊದಲು ಜಾಲದ ತಂತಿಯನ್ನು ಕಿತ್ತು ವೈಫೈಯನ್ನು ಆರಿಸಿರಿ. ಗುಪ್ತಪದಗಳನ್ನು ಬೇರೊಂದು ಯಂತ್ರದಲ್ಲಿ ಕುಳಿತು ಬದಲಿಸಿರಿ.