ಹೋಟೆಲ್ ವಿಶಾಖಪಟ್ಟಣದಲ್ಲಿ, ಯಜಮಾನರು ಅಮೆರಿಕದಲ್ಲಿ: ಫೋನ್, ನಿದ್ದೆ, ಮಾತ್ರೆ ಮೂರಕ್ಕೂ ಒಂದು ವೇಳಾಪಟ್ಟಿ



ಊರು ಬಿಟ್ಟು ಬಂದು ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಹೋಟೆಲ್, ಬೇಕರಿ, ಅಂಗಡಿ ನಡೆಸುತ್ತಿರುವ ಕನ್ನಡದ ಮನೆಗಳಿಗಾಗಿ ಇವತ್ತಿನ ಲೇಖನ. ಮಗಳ ಬಾಣಂತನ, ಮಗನ ಗೃಹಪ್ರವೇಶ, ಮೊಮ್ಮಗುವಿನ ನಾಮಕರಣ ಎಂದು ಈಗ ನಮ್ಮ ಹಿರಿಯರು ಎರಡು ಮೂರು ತಿಂಗಳು ವಿದೇಶಕ್ಕೆ ಹೋಗಿ ಬರುವುದು ಸಾಮಾನ್ಯವಾಗಿದೆ. ಸಂಬಳದ ಕೆಲಸದವರು ರಜೆ ಹಾಕಿ ಹೋಗುತ್ತಾರೆ. ಸ್ವಂತ ವ್ಯಾಪಾರದವರು ವ್ಯಾಪಾರವನ್ನು ಫೋನಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಒಂದು ಉದಾಹರಣೆ ನೋಡೋಣ

ದ್ವಾರಕಾ ನಗರದಲ್ಲಿ, ಬಸ್ ಸ್ಟೇಷನ್ನಿನ ಹತ್ತಿರ, ಒಂದು ಉಡುಪಿ ಹೋಟೆಲ್ ಇದೆ ಎಂದುಕೊಳ್ಳಿ. ಯಜಮಾನರಿಗೆ 58 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ನ್ಯೂಜೆರ್ಸಿಗೆ ಹೋಗಿದ್ದಾರೆ. ಹೋಟೆಲ್ ನೋಡಿಕೊಳ್ಳುತ್ತಿರುವುದು ತಮ್ಮನ ಮಗ.

ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಹೋಟೆಲಿನಲ್ಲಿ ಬೆಳಗಿನ 7ರಿಂದ 10ರ ತಿಂಡಿಯ ಗದ್ದಲ ಇದ್ದಾಗ ಅಲ್ಲಿ ರಾತ್ರಿ 9.30ರಿಂದ 12.30. ಮಧ್ಯಾಹ್ನದ ಊಟ ಬಡಿಸುವಾಗ ಅಲ್ಲಿ ನಡುರಾತ್ರಿ ಕಳೆದು 2.30. ಯಜಮಾನರು ರಾತ್ರಿ ಹಾಸಿಗೆಯಲ್ಲಿ ಕೂತು ಸಿಸಿ ಟಿವಿಯಲ್ಲಿ ಗಲ್ಲಾ ನೋಡುತ್ತಾರೆ. "ಮೂರನೇ ಟೇಬಲ್ ಒರೆಸಿಲ್ಲ ನೋಡು" ಎಂದು ಅಲ್ಲಿಂದಲೇ ಫೋನ್ ಮಾಡುತ್ತಾರೆ. ಇನ್ನೇನು ಕಣ್ಣು ಹತ್ತಿತು ಎನ್ನುವಾಗ ದಿನಸಿಯವರಿಗೆ ಹಣ ಹಾಕಲು ಒಟಿಪಿ ಕೇಳಿ ಕರೆ ಬರುತ್ತದೆ. ಬೆಳಗಿನ ಜಾವ ಆರಕ್ಕೆ ನಿದ್ದೆ, ಹನ್ನೊಂದಕ್ಕೆ ಎಚ್ಚರ. "ಅಯ್ಯೋ, ಮಾತ್ರೆ ತಪ್ಪಿತು" ಎಂದು ಎದ್ದವರೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮಾತ್ರೆ ನುಂಗಿ ಸ್ನಾನಕ್ಕೆ ಹೋಗುತ್ತಾರೆ. ಹದಿನೈದು ದಿನ ಹೀಗೇ ನಡೆದರೆ ಒಂದು ದಿನ ಬಚ್ಚಲಲ್ಲಿ ಬೆವರಿ, ಕೈಕಾಲು ನಡುಗಿ ಕುಸಿಯಬಹುದು. ಹತ್ತು ದಿನದ ಮಗುವನ್ನು ಮಡಿಲಲ್ಲಿಟ್ಟುಕೊಂಡ ಮಗಳು ಆಂಬುಲೆನ್ಸ್ ಕರೆಯಬೇಕಾಗುತ್ತದೆ. ಬಾಣಂತನಕ್ಕೆ ಹೋದವರೇ ಆರೈಕೆ ಮಾಡಿಸಿಕೊಳ್ಳುವ ಸ್ಥಿತಿ.

ಇಲ್ಲಿ ತಪ್ಪಿದ್ದು ಸಮಯದ ಲೆಕ್ಕ. ಹೋಟೆಲ್ ಭಾರತದ ಗಡಿಯಾರದಲ್ಲಿ, ಊಟ ಅಮೆರಿಕದ ಗಡಿಯಾರದಲ್ಲಿ ನಡೆಯುತ್ತಿತ್ತು. ನಿದ್ದೆ ಮತ್ತು ಮಾತ್ರೆ ಎರಡಕ್ಕೂ ಸೇರದೆ ನಡುವೆ ಸಿಕ್ಕಿಕೊಂಡವು.

ದೇಹದೊಳಗಿನ ಗಡಿಯಾರ

ನಿದ್ದೆ, ಹಸಿವು, ಬಿಪಿ ಎಲ್ಲಕ್ಕೂ ನಮ್ಮ ಮೆದುಳಿನಲ್ಲಿ ಒಂದು ಗಡಿಯಾರವಿದೆ. ಅದನ್ನು ಹೊಂದಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಬೇರೆ ದೇಶಕ್ಕೆ ಹೋದಾಗ ಅದು ಸುಮಾರಾಗಿ ದಿನಕ್ಕೆ ಒಂದು ಗಂಟೆಯಷ್ಟು ಸರಿಯುತ್ತದೆ. ಒಂಬತ್ತೂವರೆ ಗಂಟೆಯ ವ್ಯತ್ಯಾಸ ಸರಿಹೋಗಲು ಒಂದು ವಾರದ ಮೇಲೆಯೇ ಬೇಕು. ಪಶ್ಚಿಮಕ್ಕೆ ಹೋಗುವಾಗ ಸ್ವಲ್ಪ ಸುಲಭ, ಪೂರ್ವಕ್ಕೆ ಬರುವಾಗ ಕಷ್ಟ ಹೆಚ್ಚು. ಹಾಗಾಗಿ ಅಮೆರಿಕದಿಂದ ವಾಪಸ್ ಬಂದ ಮರುದಿನವೇ ಗಲ್ಲಾದಲ್ಲಿ ಕೂರಬೇಡಿ. ಸ್ಕೂಟರನ್ನಂತೂ ಮೂರು ನಾಲ್ಕು ದಿನ ಮುಟ್ಟಲೇಬೇಡಿ.

ರಾತ್ರಿ ಫೋನಿನ ಬೆಳಕು, ಮೇಲಿಂದ ವ್ಯಾಪಾರದ ಚಿಂತೆ ಇದ್ದರೆ ಈ ಗಡಿಯಾರ ಸರಿಯುವುದೇ ಇಲ್ಲ. ನಿದ್ದೆ ಕಡಿಮೆಯಾದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಕ್ಕರೆ ಏರುತ್ತದೆ, ಬಿಪಿಯೂ ಏರುತ್ತದೆ. ನಡುರಾತ್ರಿ ಎಚ್ಚರವಿದ್ದವರು ಏನಾದರೂ ಬಾಯಾಡಿಸುವುದೂ ಇದೆ.

ಪರಿಹಾರ: ಹೋಟೆಲಿಗೆ ದಿನಕ್ಕೆ ಎರಡೇ ಹೊತ್ತು

ಹೊರಡುವ ಮೊದಲೇ ಫೋನಿಗೆ ಎರಡು ಹೊತ್ತು ಗೊತ್ತು ಮಾಡಿ, ಬರೆದು ಗಲ್ಲಾದ ಹತ್ತಿರ ಅಂಟಿಸಿ.

ನ್ಯೂಜೆರ್ಸಿಯಲ್ಲಿದ್ದರೆ ಬೇಸಿಗೆಯಲ್ಲಿ ಅಲ್ಲಿನ ಸಂಜೆ 7.30 ಎಂದರೆ ಇಲ್ಲಿ ಬೆಳಗಿನ 5, ಒಲೆ ಹಚ್ಚುವ ಹೊತ್ತು. ಭಟ್ಟರು ಬಂದರೇ, ಹಾಲು ಬಂತೇ, ಹಿಟ್ಟು ಸರಿಯಿದೆಯೇ ಎಂದು ಅರ್ಧ ಗಂಟೆ ಮಾತಾಡಿ. ಅಲ್ಲಿನ ಬೆಳಗಿನ 8 ಎಂದರೆ ಇಲ್ಲಿ ಸಂಜೆ 5.30. ಮಧ್ಯಾಹ್ನದ ಲೆಕ್ಕ, ನಾಳೆಯ ದಿನಸಿ, ಹಣ ಪಾವತಿ ಆಗ ಮುಗಿಸಿ. ನಡುವೆ ರಾತ್ರಿ 10ರಿಂದ 6ರವರೆಗೆ ಫೋನ್ ಮಲಗುವ ಕೋಣೆಯಿಂದ ಹೊರಗಿರಲಿ. ಸಿಸಿ ಟಿವಿ ಆ್ಯಪ್ ಇರುವುದು ಯಜಮಾನರ ಫೋನಿನಲ್ಲೇ ಆಗಬೇಕೆಂದಿಲ್ಲ.

ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಲಂಡನ್ ನಾಲ್ಕೂವರೆ ಗಂಟೆ ಹಿಂದೆ. ದುಬೈ ವರ್ಷವಿಡೀ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ನಿಮ್ಮ ಹೊತ್ತೂ ಬದಲಾಗುತ್ತದೆ, ಇಲ್ಲಿಯವರಿಗೆ ತಿಳಿಸಿ.

ಯಾವುದಕ್ಕೆ ಎಬ್ಬಿಸಬಹುದು?

ನಾಲ್ಕೇ ವಿಷಯಕ್ಕೆ: ಬೆಂಕಿ ಅಥವಾ ಗ್ಯಾಸ್ ಸೋರಿಕೆ, ಕೆಲಸದವರಿಗೆ ದೊಡ್ಡ ಪೆಟ್ಟು, ಊಟ ಮಾಡಿದವರಿಗೆ ಹೊಟ್ಟೆ ಕೆಟ್ಟಿದೆ ಎಂಬ ದೂರು, ಅಧಿಕಾರಿಗಳ ನೋಟಿಸ್. ಇವುಗಳಲ್ಲೂ ಮೊದಲು ಮಾಡಬೇಕಾದ ಕರೆ ನಿಮಗಲ್ಲ. ಆಂಬುಲೆನ್ಸ್ 108, ಅಗ್ನಿಶಾಮಕ 101, ಅಡುಗೆ ಅನಿಲ ಸೋರಿಕೆ 1906, ಯಾವ ತುರ್ತಿಗೂ 112. ಈ ನಂಬರುಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಕನ್ನಡ, ತೆಲುಗು ಎರಡರಲ್ಲೂ ದೊಡ್ಡದಾಗಿ ಬರೆಸಿ.

ಉಳಿದ ಕೆಲಸಗಳನ್ನು ಹೋಗುವ ಮೊದಲೇ ಒಪ್ಪಿಸಿ. ಹಣ ಪಾವತಿಯ ಅಧಿಕಾರವನ್ನು ಮನೆಯ ಒಬ್ಬರಿಗೆ ಬ್ಯಾಂಕಿನ ಮೂಲಕವೇ ಕೊಡಿಸಿ. ಆಗ ಒಟಿಪಿಗಾಗಿ ನಿಮ್ಮನ್ನು ಎಬ್ಬಿಸುವ ಪ್ರಸಂಗವೇ ಬರುವುದಿಲ್ಲ. ತಿಂಗಳ ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಕು ಮುಖ್ಯ, ಅದನ್ನು ಲೆಕ್ಕಪತ್ರದವರಿಗೆ ವಹಿಸಿ. ಕರೆಂಟ್ ಬಿಲ್ಲು, ಬಾಡಿಗೆ, ಸಂಬಳದ ದಿನಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹೊರಡುವುದಕ್ಕೆ ಹದಿನೈದು ದಿನ ಮೊದಲು, ನೀವು ಮನೆಯಲ್ಲೇ ಇದ್ದು, ಮೂರು ದಿನ ಹೋಟೆಲ್ ಕಡೆ ಹೋಗದೆ ನೋಡಿ. ಎಲ್ಲಿ ಕೆಲಸ ನಿಂತಿತು ಎಂಬುದು ಆ ಮೂರು ದಿನದಲ್ಲೇ ಗೊತ್ತಾಗುತ್ತದೆ.

ಹಿಂದೆ ಉಳಿದವರ ಜವಾಬ್ದಾರಿ: ಅಡುಗೆಮನೆ

ಯಜಮಾನರು ಇಲ್ಲದಾಗ ಮೊದಲು ಸಡಿಲವಾಗುವುದು ಶುಚಿತ್ವ. ಕರಾವಳಿಯ ಸೆಕೆಯಲ್ಲಿ ಸಾಂಬಾರ್, ಚಟ್ನಿ ಬೇಗ ಕೆಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸರಳವಾಗಿದೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ವಾಂತಿ ಭೇದಿ ಆದ ಕೆಲಸದವರು ಪೂರ್ತಿ ನಿಂತು 48 ಗಂಟೆ ಆಗುವವರೆಗೆ ಅಡುಗೆ, ಬಡಿಸುವ ಕೆಲಸಕ್ಕೆ ಬರಬಾರದು, ಆ ದಿನಗಳ ಸಂಬಳ ಕತ್ತರಿಸಬಾರದು. ಸಂಬಳ ಹೋಗುತ್ತದೆ ಎಂದರೆ ಯಾರೂ ಕಾಯಿಲೆ ಹೇಳುವುದಿಲ್ಲ.

ಹೋಟೆಲ್ ನೋಡಿಕೊಳ್ಳುವ ಹುಡುಗನ ಆರೋಗ್ಯವನ್ನೂ ನೆನಪಿಡಿ. ಬೆಳಗಿನ 5ರಿಂದ ರಾತ್ರಿ 10ರವರೆಗೆ ಮೂರು ತಿಂಗಳು ಒಬ್ಬನೇ ನಿಲ್ಲಲು ಆಗುವುದಿಲ್ಲ. ವಾರಕ್ಕೆ ಒಂದು ಅರ್ಧ ದಿನ ಅವನಿಗೆ ಬಿಡುವು ಬೇಕು. ಸಿಸಿ ಟಿವಿಯಲ್ಲಿ ಕಂಡ ಪ್ರತಿ ತಪ್ಪಿಗೂ ಗದರಿದರೆ, ನಿಜವಾದ ತೊಂದರೆ ಬಂದಾಗ ಅವನು ನಿಮಗೆ ಹೇಳದೆ ಮುಚ್ಚಿಡುತ್ತಾನೆ.

ಔಷಧಿಯ ಚೀಲ

1. ಹೊರಡುವುದಕ್ಕೆ ಒಂದು ತಿಂಗಳು ಮೊದಲು ನಿಮ್ಮ ಡಾಕ್ಟರನ್ನು ಕಾಣಿ. ಪ್ರಯಾಣದ ದಿನ, ಅಲ್ಲಿ ಇಳಿದ ಮೇಲೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಬರೆಸಿಕೊಳ್ಳಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಪೂರ್ವಕ್ಕೆ ಬರುವಾಗ ದಿನ ಚಿಕ್ಕದಾಗಿ, ಇನ್ಸುಲಿನ್ ಡೋಸುಗಳು ಹತ್ತಿರ ಹತ್ತಿರ ಬಿದ್ದು ಸಕ್ಕರೆ ಇಳಿಯುವ ಅಪಾಯವಿದೆ.

2. ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ಊಟ ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಕು. ತಿಂಡಿ ಇಲ್ಲದೆ ನುಂಗಿದರೆ ಸಕ್ಕರೆ ದಿಢೀರ್ ಇಳಿಯಬಹುದು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

3. ಬೆವರು, ನಡುಕ, ತಲೆ ಮಂಕಾಗುವುದು ಸಕ್ಕರೆ ಇಳಿದ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಯುಎಇಯಲ್ಲಿ 998, ಸಿಂಗಪುರದಲ್ಲಿ 995.

4. ಔಷಧಿ ಎಲ್ಲವೂ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅನ್ನು ಕೆಳಗಿನ ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಿ ಹಾಳಾಗಬಹುದು, ಲಗೇಜ್ ತಪ್ಪಿದರೆ ಅದೂ ಹೋಯಿತು. ಮಾತ್ರೆಗಳು ಅಂಗಡಿಯ ಸ್ಟ್ರಿಪ್‌ನಲ್ಲೇ ಇರಲಿ. ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆದ ಡಾಕ್ಟರ್ ಚೀಟಿ ಜೊತೆಗಿರಲಿ.

5. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಗಳಿಗೆ ಸಾಲುವಷ್ಟು ಔಷಧ ಒಯ್ಯಬಹುದು. ಅದಕ್ಕಿಂತ ಹೆಚ್ಚು ದಿನ ಇರುವವರು ಡಾಕ್ಟರ್ ಪತ್ರ ಇಟ್ಟುಕೊಂಡು ಮೊದಲೇ ವಿಚಾರಿಸಿ. ಅಲ್ಲಿನ ಅಂಗಡಿಗಳಲ್ಲಿ ನಮ್ಮ ಡಾಕ್ಟರ ಚೀಟಿ ನಡೆಯುವುದಿಲ್ಲ.

6. ದುಬೈ ಕಡೆಗೆ ಹೋಗುವವರು, ಅಲ್ಲಿ ಇಳಿದು ಮುಂದೆ ಹೋಗುವವರು ಎಚ್ಚರ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗೆ ಅಲ್ಲಿ ಮೊದಲೇ ಅನುಮತಿ ಬೇಕು. ನಮ್ಮ ಪಾಯಸದ ಗಸಗಸೆಗೂ ಅಲ್ಲಿ ನಿಷೇಧವಿದೆ. ಬಾಣಂತಿಯ ಪುಡಿ, ಲೇಹ್ಯದ ಡಬ್ಬ ಕಟ್ಟುವಾಗ ಒಳಗೆ ಏನಿದೆ ಎಂದು ನೋಡಿ.

7. ಪ್ರಯಾಣದ ವಿಮೆ ಮಾಡಿಸುವಾಗ ಸಕ್ಕರೆ, ಬಿಪಿ, ಹೃದಯದ ತೊಂದರೆ ಮುಚ್ಚಿಡಬೇಡಿ. ಹಳೆಯ ಕಾಯಿಲೆಗೆ ಎಷ್ಟು ಕೊಡುತ್ತಾರೆ ಎಂದು ಓದಿಯೇ ಸಹಿ ಹಾಕಿ.

ವಿಮಾನದಲ್ಲಿ

ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಹೋದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋವಿದ್ದರೆ ಅಂದೇ ತೋರಿಸಿ. ಎದೆ ನೋವು, ಉಸಿರುಕಟ್ಟುವುದು ಆದರೆ ತುರ್ತು ಕರೆ ಮಾಡಿ. ಇಳಿದ ಮರುದಿನ ಬೆಳಗ್ಗೆ ಬಿಸಿಲಿದ್ದಾಗ ಅರ್ಧ ಗಂಟೆ ಹೊರಗೆ ನಡೆಯಿರಿ. ಹಗಲು ನಿದ್ದೆ ಬಂದರೆ ಅರ್ಧ ಗಂಟೆಗೆ ನಿಲ್ಲಿಸಿ.

ನಮ್ಮವರೇ ಹೋಗಿಬಂದ ದಾರಿ

ವ್ಯಾಪಾರ ಬಿಟ್ಟು ವಿದೇಶಕ್ಕೆ ಹೋಗುವುದು ನಮ್ಮವರಿಗೆ ಹೊಸದೇನೂ ಅಲ್ಲ. ಕೋಟದ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲ್ಲೇ ಮುಂದೆ ಎಂಟಿಆರ್ ಆಯಿತು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡಿ ಬಂದರು. ಮರಳಿದ ಮೇಲೆ ಪಾತ್ರೆ ಲೋಟಗಳನ್ನು ಹಬೆಯಲ್ಲಿ ಶುದ್ಧಿ ಮಾಡುವಂಥ ಶುಚಿತ್ವದ ಕ್ರಮಗಳನ್ನು ತಮ್ಮ ಹೋಟೆಲಿನಲ್ಲಿ ತಂದರು. ಆ ಕಾಲದಲ್ಲಿ ಕೈಯಲ್ಲಿ ಫೋನ್ ಇರಲಿಲ್ಲ, ಸಿಸಿ ಟಿವಿ ಇರಲಿಲ್ಲ. ಆದರೂ ಹೋಟೆಲ್ ನಡೆಯಿತು, ಇವತ್ತಿಗೂ ನಡೆಯುತ್ತಿದೆ.

ನೀವು ಮೂರು ತಿಂಗಳು ಹೋಗುತ್ತಿರುವುದು ಮಗಳಿಗೆ ಬಿಸಿನೀರು ಕಾಯಿಸಿ ಕೊಡಲು, ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲು. ಹೋಟೆಲಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೊಟ್ಟರೆ ಸಾಕು. ಈ ವರ್ಷ ಹೊರಡುವ ಯೋಚನೆ ಇದ್ದರೆ ಇವತ್ತೇ ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ: ಫೋನಿನ ಹೊತ್ತು, ಮಾತ್ರೆಯ ಹೊತ್ತು, ನಿದ್ದೆಯ ಹೊತ್ತು. ಒಂದು ಪ್ರತಿ ಗಲ್ಲಾದ ಹತ್ತಿರ, ಒಂದು ಪ್ರತಿ ಮಗಳ ಮನೆಯ ಫ್ರಿಜ್ ಮೇಲೆ ಇರಲಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ನಿಮ್ಮ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಸದ್ಯದಲ್ಲೇ ವಿದೇಶಕ್ಕೆ ಹೊರಡುವ ನಿಮ್ಮ ಬಂಧುಗಳಿಗೆ, ಹಿಂದೆ ಉಳಿದು ಅಂಗಡಿ ನೋಡಿಕೊಳ್ಳುವವರಿಗೆ ಇದನ್ನು ತಪ್ಪದೆ ಕಳುಹಿಸಿ. ಎಲ್ಲರೂ ಆರೋಗ್ಯವಾಗಿ ಹೋಗಿ, ಆರೋಗ್ಯವಾಗಿ ಮರಳಿ ಬನ್ನಿ.